ಅಟ್ಟವಿಲ್ಲದವರ ತೆಂಗುಸೀಮೆ

ತುಮಕೂರು ಜಿಲ್ಲೆಯನ್ನು ಕಲ್ಪತರು ನಾಡು ಅಂತ ಕರೀತಾರೆ. ಭಾಷಣಕ್ಕೆ ನಿಂತ ಮಂತ್ರಿಯಿಂದ ಹಿಡಿದು ಬಸ್ಸಿನ ಹಿಂದೆ ಬೋರ್ಡು ಬರೆಯೋನವರೆಗೆ ಎಲ್ಲರ ಬಾಯಲ್ಲೂ ಇದೇ ಮಾತು. ಕಲ್ಪತರು ಅಂದರೆ ಕೇಳಿದ್ದನ್ನು ಕೊಡುವ ಮರ. ಹೊನ್ನವಳ್ಳಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ಈ ಮರ ಕೇಳಿದವರಿಗೆಲ್ಲ ಕೊಟ್ಟಿಲ್ಲ ಅನ್ನೋದು ಗೊತ್ತಾಗುತ್ತೆ. ಅದು ಕೊಟ್ಟಿರೋದು ಕಾಯಬಲ್ಲವರಿಗೆ. ಸಸಿ ನೆಟ್ಟವನು ಗೊನೆ ಕಾಣಬೇಕಾದರೆ ಏಳೆಂಟು ವರ್ಷ ಕಾಯಬೇಕು. ಕಿತ್ತ ಕಾಯಿ ಉಂಡೆ ಕೊಬ್ಬರಿಯಾಗಬೇಕಾದರೆ ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಇರಬೇಕು. ಸಂಜೆಯ ಕೂಲಿಯಿಂದ ರಾತ್ರಿಯ ಒಲೆ ಹಚ್ಚುವವನು ಇಷ್ಟು ಕಾಲ ಹೇಗೆ ಕಾಯುತ್ತಾನೆ? ಈ ಸೀಮೆಯ ನೆಲ, ನೀರು, ಬೆಟ್ಟ, ಪೇಟೆ ಎಲ್ಲವನ್ನೂ ಈ ಒಂದು ಪ್ರಶ್ನೆ ಇಟ್ಟುಕೊಂಡೇ ನೋಡಬೇಕಾಗಿದೆ.

ಮೊದಲು ನೆಲದ ಮಾತು. ಈ ಸೀಮೆ ಎರಡು ದೊಡ್ಡ ನದಿಗಳ ನಡುವೆ ಎದ್ದು ನಿಂತ ದಿಣ್ಣೆ. ಚಿಕ್ಕನಾಯಕನಹಳ್ಳಿಯ ಬೆಟ್ಟಗಳಲ್ಲಿ ಹುಟ್ಟುವ ಸುವರ್ಣಮುಖಿ ಉತ್ತರಕ್ಕೆ ಹರಿದು ವೇದಾವತಿ ಸೇರುತ್ತದೆ. ಆ ನೀರು ತುಂಗಭದ್ರೆಯ ದಾರಿ ಹಿಡಿದು ಕೃಷ್ಣೆಗೆ ಹೋಗುತ್ತದೆ. ತುರುವೇಕೆರೆ ಕಡೆಯ ಹಳ್ಳಗಳು ಶಿಂಷಾ ಸೇರಿ ಕಾವೇರಿಗೆ ಹೋಗುತ್ತವೆ. ದಿಣ್ಣೆಯ ಮೇಲಿರುವವರಿಗೆ ನೀರು ಹುಟ್ಟೋದು ಕಾಣುತ್ತೆ, ನಿಲ್ಲೋದು ಕಾಣಲ್ಲ. ವರ್ಷವಿಡೀ ಹರಿಯುವ ಹೊಳೆ ಇಲ್ಲಿ ಒಂದೂ ಇಲ್ಲ. ಮಳೆ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು, ಅದೂ ನಂಬುವ ಹಾಗಿಲ್ಲ. ತೆಂಗಿಗೆ ಸುಖವಾಗಿ ಬೇಕಾದದ್ದು ಇದರ ಎರಡು ಮೂರು ಪಟ್ಟು. ಕೇರಳದಲ್ಲಿ ಮಳೆಯೇ ಮರಕ್ಕೆ ನೀರು ಕುಡಿಸುತ್ತೆ. ಇಲ್ಲಿ ಮನುಷ್ಯ ಕುಡಿಸಬೇಕು. ಹಾಗಾಗಿ ತಿಪಟೂರಿನ ತೆಂಗು ಪ್ರಕೃತಿಯ ವರ ಅನ್ನೋ ಮಾತು ಅರ್ಧ ಸುಳ್ಳು. ಅದು ಕೆರೆ ಕಟ್ಟಿದವರ, ಹೂಳು ಹೊತ್ತವರ, ಏತ ಎಳೆದವರ ವರ.

ಇನ್ನರ್ಧ ಸತ್ಯ ಏನೆಂದರೆ, ಇದೇ ಒಣಹವೆ ಈ ಸೀಮೆಗೆ ಒಂದು ವಿಶೇಷ ಸರಕನ್ನು ಕೊಟ್ಟಿದೆ. ಕೇರಳದ ತೇವದಲ್ಲಿ ಇಡೀ ಕಾಯಿಯನ್ನು ವರ್ಷಗಟ್ಟಲೆ ಇಟ್ಟು ಒಣಗಿಸೋದು ಕಷ್ಟ. ಅಲ್ಲಿಯವರು ಕಾಯಿ ಒಡೆದು, ಹೋಳು ಒಣಗಿಸಿ ಎಣ್ಣೆ ಗಾಣಕ್ಕೆ ಹಾಕ್ತಾರೆ. ನಮ್ಮಲ್ಲಿ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಏರಿಸುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತೆ, ತಿರುಳು ಕರಟ ಬಿಟ್ಟು ಉಂಡೆಯಾಗುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು, ಆಗ ಕೊಬ್ಬರಿ ಆಯಿತು ಅಂತ ಲೆಕ್ಕ. ಈ ಉಂಡೆ ಕೊಬ್ಬರಿಯನ್ನು ನಾವು ಹೆಚ್ಚು ತಿನ್ನೋದಿಲ್ಲ. ಅದು ಲಾರಿ ಹತ್ತಿ ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶದ ಕಡೆ ಹೋಗುತ್ತೆ. ಅಲ್ಲಿಯವರು ಗೋಲಾ ಅಂತ ಕರೆದು ಬಾದಾಮಿ, ದ್ರಾಕ್ಷಿಯ ಸಾಲಿನಲ್ಲಿ ಇಡ್ತಾರೆ, ಮದುವೆಗೆ, ಹೋಳಿಗೆ, ದೇವರ ಪ್ರಸಾದಕ್ಕೆ ಬಳಸ್ತಾರೆ. ಉತ್ತರದಲ್ಲಿ ಹಬ್ಬ ಹತ್ತಿರ ಬಂದರೆ ತಿಪಟೂರಿನ ಮಂಡಿಯಲ್ಲಿ ರೇಟು ಅಲ್ಲಾಡುತ್ತೆ. ಹೊನ್ನವಳ್ಳಿಯ ಕಾಯಿ ಸುಲಿಯುವವನ ಸಂಸಾರಕ್ಕೂ ದೆಹಲಿಯ ಖಾರಿ ಬಾವ್ಲಿಯ ಅಂಗಡಿಸಾಲಿಗೂ ಹೀಗೊಂದು ನಂಟು, ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ.

ಈ ತೋಟಗಳು ನಿನ್ನೆ ಮೊನ್ನೆಯವಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಗೆದ್ದ ನೆಲದಲ್ಲಿ ಏನೇನು ಬೆಳೆಯುತ್ತೆ, ಏನೇನು ಸಿಗುತ್ತೆ ಅಂತ ಲೆಕ್ಕ ತೆಗೆಯಲು ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1800ರಲ್ಲಿ ಆತ ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿ, ತುರುವೇಕೆರೆ ದಾರಿಯಲ್ಲೇ ಬಂದ. ಇಲ್ಲಿಯ ತೆಂಗು, ಅಡಿಕೆ ತೋಟಗಳನ್ನು ಕಂಡು ಬರೆದಿಟ್ಟ. ಹಾಗಲವಾಡಿ ಪಾಳೇಗಾರರ ಮನೆತನದ ಚಿಕ್ಕನಾಯಕನ ಹೆಸರು ಹೊತ್ತ ಚಿಕ್ಕನಾಯಕನಹಳ್ಳಿ ಆ ಕಾಲಕ್ಕೆ ದುಡ್ಡಿದ್ದ ಪೇಟೆ. 1791ರಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟ ಪರಶುರಾಮ ಭಾವುವಿನ ಮರಾಠಾ ದಂಡು ಅದನ್ನು ಲೂಟಿ ಮಾಡಿತ್ತು. ಲೂಟಿ ಮಾಡೋಕೆ ಏನಾದರೂ ಇದ್ದ ಊರನ್ನೇ ತಾನೆ ದಂಡು ಹುಡುಕಿಕೊಂಡು ಹೋಗೋದು! ಮುಂದೆ ರೈಸ್ ಸಾಹೇಬರ ಮೈಸೂರು ಗೆಜೆಟಿಯರು ಹೊನ್ನವಳ್ಳಿ ತೆಂಗಿನ ರುಚಿಯನ್ನು ಹೊಗಳಿತು. ಈ ಪುಸ್ತಕಗಳಲ್ಲಿ ಮಣ್ಣಿನ ಬಣ್ಣ ಇದೆ, ಮರದ ಫಸಲು ಇದೆ, ಸಂತೆಯ ವ್ಯಾಪಾರ ಇದೆ. ಕೂಲಿಯವರು ಜಾತಿಯ ಹೆಸರಿನಲ್ಲಿ, ಎತ್ತು ನೇಗಿಲಿನ ಖರ್ಚಿನ ಪಕ್ಕ ಬರ್ತಾರೆ.

ಕೆರೆಯ ವಿಷಯಕ್ಕೆ ಬರೋಣ, ಯಾಕೆಂದರೆ ತೋಟದ ಹುಟ್ಟು ಅಲ್ಲಿದೆ. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಶಾಸನದಲ್ಲಿ ಇರುತ್ತೆ. ಕೆರೆಯನ್ನು ದಿನಾ ನಡೆಸಿದವನು ನೀರುಗಂಟಿ. ತೂಬು ಎತ್ತೋದು, ಇಳಿಸೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು, ಮಳೆಗಾಲದ ರಾತ್ರಿ ಏರಿ ಬಿರುಕು ಬಿಟ್ಟಿದೆಯಾ ಅಂತ ಕಾಯೋದು, ಕೋಡಿ ಬಿದ್ದರೆ ಊರಿಗೆ ಸುದ್ದಿ ಮುಟ್ಟಿಸೋದು, ಎಲ್ಲ ಅವನದೇ ಕೆಲಸ. ಹಳೇ ಮೈಸೂರಿನ ಬಹಳ ಹಳ್ಳಿಗಳಲ್ಲಿ ಈ ಕೆಲಸ ಮಾಡಿದವರು ಹೊಲೆಯರು, ಮಾದಿಗರು. ಇಡೀ ಊರಿನ ನೀರು ಅವನ ಕೈಯಲ್ಲಿತ್ತು. ಊರೊಳಗಿನ ಬಾವಿಯಿಂದ ಒಂದು ಕೊಡ ಸೇದಲು ಮಾತ್ರ ಅವನ ಹೆಂಡತಿಗೆ ಹಕ್ಕಿರಲಿಲ್ಲ. ಗದ್ದೆಯ ಪೈರಿಗೆ ಮೈಲಿಗೆಯಾಗದ ಕೈ ಬಾವಿಯ ಹಗ್ಗಕ್ಕೆ ಮೈಲಿಗೆಯಾಗುತ್ತಿತ್ತು!

ಈ ಚಾಕರಿಗೆ ಪ್ರತಿಫಲವಾಗಿ ತೋಟಿ, ತಳವಾರ, ನೀರುಗಂಟಿಗಳಿಗೆ ಇನಾಮಿನ ತುಂಡು ಭೂಮಿ ಇರುತ್ತಿತ್ತು, ಸುಗ್ಗಿಯಲ್ಲಿ ಕಣದಿಂದ ಆಯ ಬರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿಯಿಂದ ಜಾರಿಗೆ ಬಂತು. ವಂಶಪಾರಂಪರ್ಯದ ಹುದ್ದೆಗಳು ಹೋದವು. ಬಿಟ್ಟಿ ಚಾಕರಿ ಕಾನೂನಿನಲ್ಲಿ ಹೋಗಿದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಇನಾಮಿನ ಜಮೀನನ್ನು ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡಬೇಕು ಅಂತಲೂ ಕಾಯಿದೆ ಹೇಳಿತು. ಆದರೆ ಮರುಮಂಜೂರಾಗಬೇಕಾದರೆ ಅರ್ಜಿ ಬೇಕು, ಹಣ ಕಟ್ಟಬೇಕು, ಕಚೇರಿಗೆ ತಿರುಗಬೇಕು. ಮತ್ತೆ ಅದೇ, ಕಾಯಬೇಕು. ಸಾಲಕ್ಕೆ, ಮದುವೆಗೆ, ರೋಗಕ್ಕೆ ಆ ತುಂಡುಗಳು ಕೈ ಬಿಡುತ್ತಾ ಹೋದವು. 1978ರಲ್ಲಿ ತಿದ್ದುಪಡಿ ತಂದು ಹದಿನೈದು ವರ್ಷ ಮಾರಬಾರದು ಅಂದರು. ಅದೇ ಹೊತ್ತಿಗೆ ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆ ಆಗದಂತೆ ಪಿ.ಟಿ.ಸಿ.ಎಲ್. ಕಾಯಿದೆ ಬಂತು. ನಮ್ಮ ಗೆಳೆಯರಲ್ಲಿ ಎಷ್ಟೋ ಜನಕ್ಕೆ ಈ ಕಾಯಿದೆಯ ಹೆಸರು ಗೊತ್ತು, ಅದರ ವ್ಯಾಖ್ಯೆಯ ಸಾಲು ಗೊತ್ತಿಲ್ಲ. ಇನಾಂ ರದ್ದತಿಯಲ್ಲಿ ಸಿಕ್ಕ ಜಮೀನನ್ನು ಒಳಗೆ ಸೇರಿಸಿಕೊಳ್ಳುವ ಆ ವ್ಯಾಖ್ಯೆ, ವಂಶಪಾರಂಪರ್ಯ ಹುದ್ದೆಗೆ ಸೇರಿದ್ದನ್ನು ಹೊರಗೆ ಇಡುತ್ತೆ. ಅಂದರೆ ತಲೆಮಾರುಗಟ್ಟಲೆ ಊರ ನೀರು ಕಾದವನಿಗೆ ಸಿಕ್ಕ ಜಮೀನಿಗೇ ಆ ಕಾವಲು ಇಲ್ಲ. 2023ರಲ್ಲಿ ಪಿ.ಟಿ.ಸಿ.ಎಲ್.ಗೆ ತಿದ್ದುಪಡಿಯಾಗಿ, ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತಾಯಿತು. ಆಗಲೂ ಈ ಸಾಲು ಇದ್ದ ಹಾಗೇ ಇದೆ.

1974ರ ಭೂಸುಧಾರಣೆಯ ಬಗ್ಗೆ ನಮ್ಮವರು ಸಾಕಷ್ಟು ಬರೆದಿದ್ದಾರೆ, ಇಲ್ಲಿ ಒಂದೇ ಮಾತು ಸಾಕು. ಅದು ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದೆ ಬರೀ ಕೂಲಿಗೆ ಬೇರೆಯವರ ತೋಟದಲ್ಲಿ ಪಾತಿ ಮಾಡಿದವನು ಅರ್ಜಿಯ ಯಾವ ಕಲಮಿನಲ್ಲಿ ತನ್ನ ಹೆಸರು ಬರೆಯಬೇಕಿತ್ತು?

ಹೊನ್ನವಳ್ಳಿ ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿತ್ತು ಅನ್ನೋದು ಇವತ್ತಿನ ಹುಡುಗರಿಗೆ ಕತೆಯ ಹಾಗೆ ಕೇಳುತ್ತೆ. 1876ರಿಂದ 78ರ ಬರ ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರ ಗಣತಿಗೆ 42 ಲಕ್ಷಕ್ಕಿಂತ ಕೆಳಗಿಳಿದರು. ಸತ್ತವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಹಗೇವಿನಲ್ಲಿ ಕಾಳಿಲ್ಲದವರು. ಬರ ಮುಗಿದ ಮೇಲೆ 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರು ಮೇಲೆ ಹರಿಹರಕ್ಕೆ ರೈಲು ಬಂತು. ರೈಲು ತಿಪಟೂರಿನಲ್ಲಿ ನಿಂತಿತು, ಹೊನ್ನವಳ್ಳಿ ಪಕ್ಕಕ್ಕೆ ಉಳಿಯಿತು. ತಾಲ್ಲೂಕು ಕಚೇರಿ ರೈಲಿನ ಊರಿಗೆ ಹೋಯಿತು, ಅದರ ಹಿಂದೆ ಮಂಡಿಗಳು, ವಕೀಲರು, ಸಾಲ ಕೊಡುವವರು ಹೋದರು. ಹೊನ್ನವಳ್ಳಿ ಹೋಬಳಿಯಾಗಿ ಉಳಿಯಿತು. ಕಾಯಿ ಹೊನ್ನವಳ್ಳಿಯದು, ಹೆಸರು ತಿಪಟೂರಿನದು. ಇವತ್ತು ಕೃಷಿ ವಿಜ್ಞಾನಿಗಳ ಪುಸ್ತಕದಲ್ಲೂ ಈ ಸೀಮೆಯ ತಳಿಗೆ ತಿಪಟೂರು ಟಾಲ್ ಅಂತಲೇ ಹೆಸರು.

ತಿಪಟೂರಿನ ಕೃಷಿ ಮಾರುಕಟ್ಟೆ ಉಂಡೆ ಕೊಬ್ಬರಿಗೆ ದೇಶದಲ್ಲೇ ದೊಡ್ಡದು. ಒಂದು ಕ್ವಿಂಟಾಲ್ ಕೊಬ್ಬರಿಗೆ ಸುಮಾರು ಆರೇಳು ನೂರು ಕಾಯಿ ಬೇಕು, ಕಾಯಿ ಸಣ್ಣದಾದರೆ ಇನ್ನೂ ಹೆಚ್ಚು. ಅಷ್ಟೂ ಕಾಯಿ ಎಷ್ಟು ಕೈ ದಾಟಿ ಬರುತ್ತವೆ ನೋಡಿ. ಮರ ಹತ್ತಿ ಕೆಡವಿದವನ ಕೈ. ಆರಿಸಿ ಗುಡ್ಡೆ ಹಾಕಿದವಳ ಕೈ. ಅಟ್ಟಕ್ಕೆ ಹೊತ್ತವನ ಕೈ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಎದೆ ಬಗ್ಗಿಸಿ ಸಾವಿರಕ್ಕೆ ಇಷ್ಟು ಅಂತ ಸುಲಿದವನ ಕೈ. ಉಂಡೆಗೆ ಏಟು ಬೀಳದಂತೆ ಕರಟವನ್ನು ಮಾತ್ರ ಸುತ್ತಲೂ ಬಡಿದು ಬಿಡಿಸಿದವಳ ಕೈ. ಕೊನೆಗೆ ಚೀಲ ಹೊರುವ ಹಮಾಲಿಯ ಕೈ. ಒಂದು ಏಟು ತಪ್ಪಿದರೆ ಉಂಡೆ ಚೂರಾಗುತ್ತೆ. ಚೂರಿನ ರೇಟೇ ಬೇರೆ. ಕೌಟು ಕೊಬ್ಬರಿಯ ರೇಟು ಅದಕ್ಕಿಂತ ಕೆಳಗೆ. ಇಷ್ಟು ಕೈಚಳಕದ ಕೆಲಸವನ್ನು ಸರ್ಕಾರಿ ಲೆಕ್ಕದಲ್ಲಿ 'ಅಕುಶಲ' ಅಂತ ಬರೀತಾರಲ್ಲ, ಬರೆಯುವವರು ಒಂದು ಬೆಳಿಗ್ಗೆ ಬಂದು ಹತ್ತು ಕಾಯಿ ಸುಲಿದು ತೋರಿಸಲಿ.

ಬಡ ರೈತನ ಸ್ಥಿತಿಯೂ ಕೂಲಿಯವನಿಗಿಂತ ಬಹಳ ಮೇಲಿಲ್ಲ. ಮೂವತ್ತು ನಲವತ್ತು ಮರ ಇದ್ದವನಿಗೆ ಅಟ್ಟ ತುಂಬೋದಿಲ್ಲ. ಶಾಲೆಯ ಫೀಸು, ಬೀಜ ಗೊಬ್ಬರ, ಮಗಳ ಬಾಣಂತನ ಅಂತ ಅವನು ಹಸಿ ಕಾಯನ್ನೇ ಮಾರುತ್ತಾನೆ, ಇಲ್ಲವೇ ಎಳನೀರನ್ನೇ ಕೆಡವಿಸುತ್ತಾನೆ. ಆ ಕಾಯಿ ಇನ್ನೊಬ್ಬರ ಅಟ್ಟದಲ್ಲಿ ಕೂತು ಕೊಬ್ಬರಿಯಾಗುತ್ತೆ. ಕಾಯುವ ತಿಂಗಳುಗಳ ಲಾಭ ಅಟ್ಟದವನಿಗೆ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಹೇಳಿತ್ತು. ತಿಪಟೂರು ಮಾರುಕಟ್ಟೆಯಲ್ಲಿ ರೇಟು 8 ಸಾವಿರದ ಹತ್ತಿರಕ್ಕೆ ಕುಸಿಯಿತು. ರೈತರು ಬೀದಿಗೆ ಬಂದರು. ನಾಫೆಡ್ ಖರೀದಿಗೆ 2024ರ ಆರಂಭದಲ್ಲಿ ನಡೆದ ನೋಂದಣಿ, ನಕಲಿ ಹೆಸರುಗಳ ದೂರಿನಿಂದ ರದ್ದಾಗಿ ಮತ್ತೆ ನಡೆಯಿತು. ನೋಂದಣಿಗೆ ಪಹಣಿ ಬೇಕು. ಬಾಯಿಮಾತಿನ ಗುತ್ತಿಗೆಗೆ ತೋಟ ಹಿಡಿದವನಿಗೆ ಪಹಣಿ ಎಲ್ಲಿಂದ ಬರಬೇಕು? ಅದೇ ಕೊಬ್ಬರಿ 2025ರ ಮಧ್ಯದ ಹೊತ್ತಿಗೆ ಕ್ವಿಂಟಾಲಿಗೆ 20 ಸಾವಿರ ದಾಟಿತು, ಬೆಂಬಲ ಬೆಲೆ ಆಗ 12,100. ಪತ್ರಿಕೆಗಳು ಬಂಗಾರದ ಬೆಲೆ ಅಂತ ಬರೆದವು. ರೇಟು ಏರಿದ್ದೇ ಕಾಯಿ ಇಲ್ಲದೆ ಅನ್ನೋದನ್ನು ಸಣ್ಣ ಅಕ್ಷರದಲ್ಲಿ ಬರೆದವು.

ಕಾಯಿ ಯಾಕೆ ಇಲ್ಲ? ಇದಕ್ಕೆ ನೀರಿನ ಕಡೆ ಮತ್ತೆ ತಿರುಗಬೇಕು. ಮೊದಲು ತೋಟ ಅಂದರೆ ಕೆರೆಯ ಹಿಂದಿನ ತಗ್ಗು ಜಾಗ. ತೆರೆದ ಬಾವಿ ಬಂತು, ಪಂಪ್‌ಸೆಟ್ ಬಂತು, ಆಮೇಲೆ ಕೊಳವೆ ಬಾವಿ ಬಂತು. ತೋಟ ದಿಣ್ಣೆ ಹತ್ತಿತು. ರಾಗಿ, ಹುರುಳಿ, ಅವರೆ, ಹರಳು ಬೆಳೆಯುತ್ತಿದ್ದ ಹೊಲಗಳೂ ತೋಟವಾದವು. ರಾಗಿ ಹೊಲದಲ್ಲಿ ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ ಅಂತ ಕೂಲಿಯವರಿಗೆ ಕೆಲಸ ಇರುತ್ತಿತ್ತು, ಕಣದಲ್ಲಿ ಕಾಳೂ ಸಿಗುತ್ತಿತ್ತು. ತೆಂಗು ಅಷ್ಟು ಜನರನ್ನು ಕೇಳೋದಿಲ್ಲ. ಹೊಲ ತೋಟವಾದ ಹಾಗೆಲ್ಲ ಊರ ಕೂಲಿ ಕಮ್ಮಿಯಾಯಿತು, ಮನೆಯ ರಾಗಿ ಅಂಗಡಿಯ ರಾಗಿಯಾಯಿತು. ಅಂತರ್ಜಲದ ಸರ್ಕಾರಿ ಪಟ್ಟಿಗಳಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಮಿತಿ ಮೀರಿ ನೀರೆತ್ತಿದ ಜಾಗಗಳು ಅಂತ ವರ್ಷಗಟ್ಟಲೆ ಕಾಣಿಸಿಕೊಂಡಿವೆ. 1998ರಲ್ಲಿ ಕೇರಳದಲ್ಲಿ ಕಾಣಿಸಿದ ನುಸಿಪೀಡೆ ಬೇಗನೆ ಇಲ್ಲಿಗೂ ಬಂತು, ಕಾಯಿ ಸುಟ್ಟ ಹಾಗೆ ಕಂದಿ ಸಣ್ಣದಾಯಿತು. ಆ ಸಂಕಟದಲ್ಲೇ ರೈತಸಂಘ ನೀರಾ ಇಳಿಸುವ ಹಕ್ಕು ಕೇಳಿತು, 2001ರಲ್ಲಿ ಚನ್ನಪಟ್ಟಣದ ಬಳಿಯ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಯಿತು. 2015ರಿಂದ 17ರವರೆಗಿನ ಬರದಲ್ಲಿ ತುಮಕೂರು, ಹಾಸನ ಜಿಲ್ಲೆಗಳ ಮರಗಳು ಸುಳಿ ಕಳಚಿ ಕಂಬಗಳಾಗಿ ನಿಂತವು.

ಒಂದೇ ಬೆಳೆಯನ್ನು ನಂಬಿ ನೀರು ಬರಿದು ಮಾಡಿಕೊಂಡ ಸೀಮೆ ನಮ್ಮದೊಂದೇ ಅಲ್ಲ. ಮಧ್ಯ ಏಷ್ಯಾದ ಉಜ್ಬೆಕಿಸ್ತಾನದಲ್ಲಿ ಸೋವಿಯತ್ ಕಾಲದ ಯೋಜನೆಗಾರರು ಹತ್ತಿಯನ್ನು ಬಿಳಿ ಚಿನ್ನ ಅಂತ ಕರೆದರು. 1960ರ ದಶಕದಿಂದ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಕಾಲುವೆಗಳಿಗೆ ತಿರುಗಿಸಿದರು. ಅವೆರಡೂ ಸೇರುತ್ತಿದ್ದ ಅರಾಲ್, ಪ್ರಪಂಚದಲ್ಲೇ ನಾಲ್ಕನೇ ದೊಡ್ಡ ಸರೋವರ, ಒಣಗುತ್ತಾ ಬಂತು. ಮೊಯ್ನಾಕ್ ಎಂಬ ಬಂದರಿನಲ್ಲಿ ಮೀನಿನ ದೋಣಿಗಳು ಮರಳಿನ ಮೇಲೆ ತುಕ್ಕು ಹಿಡಿದು ಕೂತಿವೆ. ಹತ್ತಿ ಬಿಡಿಸಲು ಶಾಲೆ ಕಾಲೇಜಿನ ಹುಡುಗರನ್ನೂ ಹೊಲಕ್ಕೆ ಅಟ್ಟುತ್ತಿದ್ದರು. ನಮ್ಮ ಕಡೆ ಸಾಹುಕಾರಿಕೆ, ಅವರ ಕಡೆ ಸಮಾಜವಾದದ ಹೆಸರು. ಬೋರ್ಡು ಬೇರೆಯಾದರೂ ನೀರಿನ ಲೆಕ್ಕ ಒಂದೇ ಆಯಿತು. ಸೋವಿಯತ್ ಪುಸ್ತಕ ಓದಿ ಬೆಳೆದ ನಮ್ಮ ಹಿರಿಯ ಗೆಳೆಯರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೂ ಆ ದೋಣಿಗಳು ಅಲ್ಲಿವೆ.

ನಮ್ಮ ಸೀಮೆಗೆ ನೀರು ತರುವ ಯೋಜನೆಗಳಿಗೇನೂ ಬರವಿಲ್ಲ. 1892ರಲ್ಲಿ ಸುವರ್ಣಮುಖಿಗೆ ಅಡ್ಡವಾಗಿ ಬೋರನಕಣಿವೆ ಜಲಾಶಯವಾಯಿತು. 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದು, ಆಮೇಲೆ ಅದರ ಎಡದಂಡೆ ನಾಲೆ ತುಮಕೂರಿನ ಕಡೆ ಬಂತು. ಹೊನ್ನವಳ್ಳಿ ಏತ ನೀರಾವರಿ ಅದರ ನೀರನ್ನೇ ಎತ್ತಿ ಕೆರೆಗೆ ಬಿಡುವ ಯೋಜನೆ. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಕೊಟ್ಟರು. ಕೆರೆ ತುಂಬಿದರೆ ಕೊಳವೆ ಬಾವಿ ಬದುಕುತ್ತೆ, ಕೊಳವೆ ಬಾವಿ ಇದ್ದವನ ತೋಟ ಬದುಕುತ್ತೆ. ತೂಬಿನ ಕೆಳಗಿನ ಗದ್ದೆಗೆ ಸರದಿ ಹಂಚುವ ಕಾಲ ಹೋಗಿ, ನೆಲದೊಳಗಿನ ನೀರನ್ನು ಯಾರ ಮೋಟರು ದೊಡ್ಡದೋ ಅವರು ಎಳೆದುಕೊಳ್ಳುವ ಕಾಲ ಬಂದಿದೆ.

ಬೆಟ್ಟದ ಕತೆ ಚಿಕ್ಕದಾಗಿ ಹೇಳುತ್ತೇನೆ. ಚಿತ್ರದುರ್ಗದ ಕಡೆಯ ಹಳೆಯ ಶಿಲಾಪಟ್ಟಿ ಚಿಕ್ಕನಾಯಕನಹಳ್ಳಿಯ ಮೂಲಕ ಹಾದುಹೋಗುತ್ತೆ, ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲು ಇವೆ. ತುರುವೇಕೆರೆ ಕಡೆಯ ಕರಿಕಲ್ಲು ಶ್ರೀರಂಗಪಟ್ಟಣದ ಗುಂಬಜಿನ ಕಂಬಗಳಾಯಿತು. ತುರುವೇಕೆರೆಯ ಗಂಗಾಧರೇಶ್ವರ ಗುಡಿಯ ಮುಂದಿನ ನಂದಿಯ ನುಣುಪು ನೋಡಿದರೆ ಆ ಕಲ್ಲು, ಆ ಉಳಿ ಎಂಥವು ಅಂತ ತಿಳಿಯುತ್ತೆ. 2000ದ ನಂತರ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬೆಲೆ ಬಂತು. ಲಾರಿಗಳ ಸಾಲು ಹಳ್ಳಿಯ ರಸ್ತೆ ಮುರಿಯಿತು, ಕೆಂಪು ದೂಳು ಗರಿಯ ಮೇಲೆ, ಹೊಂಬಾಳೆಯ ಮೇಲೆ ಕೂತಿತು. ಸಮಾಜ ಪರಿವರ್ತನ ಸಮುದಾಯ ಹಾಕಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರ ಜುಲೈನಲ್ಲಿ ಬಳ್ಳಾರಿಯ, ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿನ ಗಣಿಗಳನ್ನು ನಿಲ್ಲಿಸಿತು. 2013ರ ತೀರ್ಪಿನಲ್ಲಿ ಗಣಿಗಳನ್ನು ವಿಂಗಡಿಸಿ, ಚಿತ್ರದುರ್ಗ ತುಮಕೂರು ಎರಡಕ್ಕೂ ಸೇರಿ ವರ್ಷಕ್ಕೆ 50 ಲಕ್ಷ ಟನ್ನಿನ ಮಿತಿ ಹಾಕಿತು. ಹಾಳಾದ ನೆಲ ಸರಿಪಡಿಸಲು 2014ರಲ್ಲಿ ಒಂದು ನಿಗಮವೂ ಆಯಿತು. ಗಣಿಗೆ ಕಾಯುವ ಅಗತ್ಯ ಇಲ್ಲ, ಅದು ಮರದ ಹಾಗಲ್ಲ. ಕೋಟಿ ವರ್ಷ ಕಾದಿದ್ದನ್ನು ಹತ್ತು ವರ್ಷದಲ್ಲಿ ಹಡಗಿಗೆ ಹಾಕಬಹುದು.

ಇನ್ನೊಂದು ಬದಲಾವಣೆ ಪುಸ್ತಕಗಳಲ್ಲಿ ಬಂದಿಲ್ಲ, ಕೇರಿಯ ಹೆಂಗಸರಿಗೆ ಗೊತ್ತು. ಮೊದಲು ಕಾಯಿಯ ತಿರುಳು ತೋಟದವನದಾದರೂ ಮಟ್ಟೆ, ಒಣಗರಿ, ಕರಟ ಬಡವರ ಒಲೆಗೆ ಸಿಗುತ್ತಿದ್ದವು. ಸೋಗೆ ಗುಡಿಸಲ ಮೇಲಿನ ಹೊದಿಕೆಯಾಗುತ್ತಿತ್ತು. ಇವತ್ತು ಮಟ್ಟೆಗೆ ನಾರಿನ ಫ್ಯಾಕ್ಟರಿಯ ಟ್ರ್ಯಾಕ್ಟರು ಬರುತ್ತೆ. ನಾರಿನ ಪುಡಿ ಪರದೇಶದ ಹೂಕುಂಡಗಳಿಗೆ ಹೋಗುತ್ತೆ. ಕರಟ ಇದ್ದಿಲಾಗಿ ಕಂಪನಿಗೆ ಹೋಗುತ್ತೆ. ಮರದ ಯಾವ ಭಾಗವೂ ದಂಡವಾಗೋದಿಲ್ಲ ಅಂತ ಅಧಿಕಾರಿಗಳು ಹೆಮ್ಮೆಯಿಂದ ಹೇಳ್ತಾರೆ. ದಂಡ ಅಂತ ಅವರು ಹೇಳುವ ಆ ಭಾಗವೇ ಕೇರಿಯ ಪಾಲಾಗಿತ್ತು. ಈಗ ಅದೇ ಮಟ್ಟೆಯನ್ನು ಫ್ಯಾಕ್ಟರಿಯ ದೂಳಿನಲ್ಲಿ ನಿಂತು ಯಂತ್ರಕ್ಕೆ ಹಾಕುವ ಕೂಲಿ ಕೇರಿಗೆ ಸಿಕ್ಕಿದೆ.

ಮರ ಹತ್ತುವವರು ಸಿಗೋದಿಲ್ಲ ಅನ್ನೋದು ಈಗ ಎಲ್ಲ ಕಡೆ ಕೇಳುವ ದೂರು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವ ತರಬೇತಿ ಶುರು ಮಾಡಿತು, ಹತ್ತುವವರಿಗೆ ವಿಮೆಯೂ ಇದೆ. ನಮ್ಮ ಹುಡುಗರು ಬೆಂಗಳೂರಿನ ಗಾರ್ಮೆಂಟಿಗೆ, ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಅಲ್ಲಿ ತಿಂಗಳಿಗೆ ಸಂಬಳ, ಜಾತಿ ಹೆಸರು ಹಿಡಿದು ಕೂಗುವವರು ಕಮ್ಮಿ. ಅವರನ್ನು ಸೋಮಾರಿಗಳು ಅಂತ ಬೈಯುವ ತೋಟದ ಯಜಮಾನರು ತಮ್ಮ ಮಕ್ಕಳನ್ನು ಮರ ಹತ್ತಿಸಿದ್ದನ್ನು ನಾನಂತೂ ಕಂಡಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ ಇದೆ. ನಿಮ್ಮೂರ ಕೆರೆಯ ತೂಬಿನ ಹತ್ತಿರದ ಸರ್ವೆ ನಂಬರುಗಳನ್ನು ಗುರುತು ಮಾಡಿಕೊಳ್ಳಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಇನಾಂ ರಿಜಿಸ್ಟರಿನ, 1963ರ ನಂತರದ ಮರುಮಂಜೂರಾತಿ ಕಡತಗಳ ನಕಲಿಗೆ ಅರ್ಜಿ ಹಾಕಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ನೀರುಗಂಟಿ, ತೋಟಿ, ತಳವಾರ ಅಂತ ಯಾವ ನಂಬರಿನ ಎದುರು ಬರೆದಿದೆ, ಮರುಮಂಜೂರು ಯಾರ ಹೆಸರಿಗೆ ಆಯಿತು, ಯಾವ ವರ್ಷ ಕೈ ಬದಲಾಯಿತು, ಈಗ ಅದರ ಮೇಲೆ ಎಷ್ಟು ತೆಂಗಿನ ಮರ ಇವೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಆ ಮನೆತನದವರು ಇನ್ನೂ ಊರಲ್ಲೇ ಇದ್ದರೆ ಹಾಳೆಯ ಒಂದು ಪ್ರತಿ ಮೊದಲು ಅವರ ಕೈಗೆ ಕೊಡಿ.